ಏನೂ ಆಗದ ನಿಮಿಷಗಳ ಲೆಕ್ಕ: ಚಾಲಕರ ದಿನನಿತ್ಯದ ವರ್ತನೆಯ ದೊಡ್ಡ ಅಧ್ಯಯನವನ್ನು ಕಟ್ಟುವುದು ಹೇಗೆ

ಅಪಘಾತವಾದ ಮೇಲೆ ಪೊಲೀಸರು ಬರೆಯುವ ವರದಿಯಲ್ಲಿ ಎರಡು ಸಂಗತಿ ಸಿಗುವುದಿಲ್ಲ. ಡಿಕ್ಕಿಗೆ ಮುಂಚಿನ ಐದಾರು ಸೆಕೆಂಡು ಚಾಲಕರ ಕಣ್ಣು ಎಲ್ಲಿತ್ತು ಎಂಬುದು ಒಂದು. ಅದೇ ಚಾಲಕರು ಅದೇ ಕೆಲಸ ಮಾಡುತ್ತಲೇ ಎಷ್ಟು ಸಲ ಏನೂ ಆಗದೆ ಮನೆ ಸೇರಿದ್ದರು ಎಂಬುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಹೊಳೆಯುತ್ತದೆ, ಕಾರಿನೊಳಗೆ ಕ್ಯಾಮೆರಾ ಇಟ್ಟರಾಯಿತು ಅನಿಸುತ್ತದೆ. ಕಷ್ಟ ಇರುವುದು ಎರಡನೆಯದರಲ್ಲಿ. ಜನರ ವಾಹನಗಳಿಗೆ ಕ್ಯಾಮೆರಾ, ಸೆನ್ಸರ್ ಕೂರಿಸಿ ಅವರ ಮಾಮೂಲಿ ಓಡಾಟವನ್ನೇ ದಾಖಲಿಸುವ, ನ್ಯಾಚುರಲಿಸ್ಟಿಕ್ ಡ್ರೈವಿಂಗ್ ಸ್ಟಡಿ ಎಂದು ಕರೆಯುವ ಇಡೀ ವಿಧಾನ ನಿಂತಿರುವುದೂ ಅದರ ಮೇಲೆಯೇ.

ಡಿಕ್ಕಿ ಹೊಡೆದ 100 ಚಾಲಕರಲ್ಲಿ 20 ಮಂದಿ ಆ ಹೊತ್ತಿಗೆ ಫೋನ್ ಹಿಡಿದಿದ್ದರು ಎಂದಿಟ್ಟುಕೊಳ್ಳಿ. ಈ ಸಂಖ್ಯೆಯೊಂದರಿಂದಲೇ ಫೋನ್ ಅಪಾಯಕಾರಿ ಎಂದು ಸಾಬೀತಾಗುವುದಿಲ್ಲ. ಮಾಮೂಲಿ ಓಡಾಟದ ಯಾವುದೋ ಒಂದು ಕ್ಷಣ ತೆಗೆದು ನೋಡಿದಾಗ 100ಕ್ಕೆ 5 ಮಂದಿ ಫೋನ್ ಹಿಡಿದಿದ್ದರೆ ಅಪಾಯ ದೊಡ್ಡದು. ಆಗಲೂ 20 ಮಂದಿಯೇ ಹಿಡಿದಿದ್ದರೆ ಫೋನಿಗೂ ಡಿಕ್ಕಿಗೂ ನಂಟು ಕಾಣುವುದಿಲ್ಲ. ಛೇದ ಗೊತ್ತಿಲ್ಲದೆ ಅಂಶಕ್ಕೆ ಬೆಲೆಯಿಲ್ಲ. ಹಾಗಾಗಿ ಸಲಕರಣೆಯ ಆಯ್ಕೆಯಿಂದ ಹಿಡಿದು ವಿಡಿಯೊ ನೋಡಿ ಕಂಡದ್ದನ್ನು ಅಂಕಣಗಳಿಗೆ ತುಂಬಿಸುವ ಕೋಡಿಂಗ್‌ವರೆಗೆ ಪ್ರತಿ ತೀರ್ಮಾನದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಏನೂ ಆಗದ ನಿಮಿಷಗಳಲ್ಲಿ ಯಾವುವು ನಮ್ಮ ಕೈತಪ್ಪುತ್ತವೆ?

ಈ ವಿಧಾನಕ್ಕೆ ದಾರಿ ಹಾಕಿಕೊಟ್ಟದ್ದು ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯ 100-ಕಾರ್ ಅಧ್ಯಯನ. ವಾಷಿಂಗ್ಟನ್ ಡಿಸಿ ಪಕ್ಕದ ಉತ್ತರ ವರ್ಜೀನಿಯಾದಲ್ಲಿ 100 ಕಾರುಗಳಿಗೆ ಕ್ಯಾಮೆರಾ, ಸೆನ್ಸರ್ ಕೂರಿಸಿ ಸುಮಾರು ಒಂದು ವರ್ಷ ಅವುಗಳ ಪಾಡಿಗೆ ಓಡಲು ಬಿಟ್ಟರು. ಓಡಿದ ದೂರ ಸುಮಾರು 20 ಲಕ್ಷ ಮೈಲಿ, ಅಂದರೆ 32 ಲಕ್ಷ ಕಿ.ಮೀ. ಸಿಕ್ಕಿದ್ದು 82 ಡಿಕ್ಕಿ, ಕೂದಲೆಳೆಯಲ್ಲಿ ತಪ್ಪಿದ 761 ಡಿಕ್ಕಿ, ಅದಕ್ಕಿಂತ ಸಣ್ಣ ತರದ 8,295 ಘಟನೆಗಳು. ಆ 82ರಲ್ಲಿ ಪೊಲೀಸ್ ದಾಖಲೆ ಸೇರಿದ್ದು 15 ಮಾತ್ರ. ಅದರ ಬೆನ್ನಿಗೆ ಬಂದದ್ದು ಅಮೆರಿಕದ ಹೆದ್ದಾರಿ ಸಂಶೋಧನಾ ಕಾರ್ಯಕ್ರಮವೊಂದರ ಎಸ್‌ಎಚ್‌ಆರ್‌ಪಿ 2 ಅಧ್ಯಯನ: 2010ರಿಂದ 2013ರವರೆಗೆ, ಬಫಲೋ, ಟ್ಯಾಂಪಾ, ಸಿಯಾಟಲ್, ಡರ್ಹಮ್, ಬ್ಲೂಮಿಂಗ್ಟನ್, ಸ್ಟೇಟ್ ಕಾಲೇಜ್ ಎಂಬ ಆರು ಕಡೆ, 3,000ಕ್ಕೂ ಹೆಚ್ಚು ಚಾಲಕರು, 50 ಲಕ್ಷಕ್ಕೂ ಹೆಚ್ಚು ಪ್ರಯಾಣ. ಯುರೋಪಿನ ಯುಡ್ರೈವ್ ಅಧ್ಯಯನ ಕಾರಿನ ಜೊತೆ ಲಾರಿಯನ್ನೂ ಸ್ಕೂಟರನ್ನೂ ಸೇರಿಸಿಕೊಂಡಿತು. ಇಂಥದ್ದೊಂದನ್ನು ಕರ್ನಾಟಕದಲ್ಲಿ ಮಾಡಹೊರಟವರು ಈ ಮೂರನ್ನೂ ಓದಿಕೊಳ್ಳಲೇಬೇಕು. ಆದರೆ ಅವುಗಳ ಹೊಸ್ತಿಲು ಸಂಖ್ಯೆಗಳನ್ನು, ಅಂದರೆ ಸೆನ್ಸರ್ ಮೌಲ್ಯ ಎಷ್ಟು ದಾಟಿದರೆ ಘಟನೆ ಎಂದು ಎಣಿಸಬೇಕು ಎಂಬ ಗೆರೆಗಳನ್ನು, ಹಾಗೆಯೇ ಎತ್ತಿ ತರಬಾರದು. ಏಕೆ ಎಂಬುದು ಮುಂದೆ ಬರುತ್ತದೆ.

ಎಷ್ಟು ವಾಹನ ಬೇಕು

ಮೇಲಿನ ಸಂಖ್ಯೆಗಳಿಂದಲೇ ಅಂದಾಜು ಹಾಕಬಹುದು. 32 ಲಕ್ಷ ಕಿ.ಮೀ.ಗೆ 82 ಎಂದರೆ ಸುಮಾರು 39,000 ಕಿ.ಮೀ.ಗೆ ಒಂದು ಡಿಕ್ಕಿ, ಅದೂ ಪೊಲೀಸರ ತನಕ ಹೋಗದ ಸಣ್ಣಪುಟ್ಟ ತಾಗಾಟವನ್ನೂ ಸೇರಿಸಿ. ತಪ್ಪಿದ ಡಿಕ್ಕಿ ಸುಮಾರು 4,200 ಕಿ.ಮೀ.ಗೆ ಒಂದು. ಒಂದು ಕಾರು ವರ್ಷಕ್ಕೆ 10,000 ಕಿ.ಮೀ. ಓಡುತ್ತದೆ ಎಂದುಕೊಂಡರೆ 500 ಕಾರಿಗೆ ವರ್ಷಕ್ಕೆ 50 ಲಕ್ಷ ಕಿ.ಮೀ. ಆ ದರದಲ್ಲಿ ಸುಮಾರು 130 ಡಿಕ್ಕಿ, 1,200ರಷ್ಟು ತಪ್ಪಿದ ಡಿಕ್ಕಿ ಸಿಗುತ್ತವೆ. ಪೊಲೀಸ್ ದಾಖಲೆಗೆ ಹೋಗುವಂಥವು 25ರ ಒಳಗೆ. ಇವನ್ನು ವಯಸ್ಸು, ಹಗಲು-ರಾತ್ರಿ, ಹೆದ್ದಾರಿ-ಊರೊಳಗಿನ ರಸ್ತೆ ಎಂದು ಹೋಳು ಮಾಡಿದರೆ ಒಂದೊಂದು ಖಾನೆಗೆ ಬೆರಳೆಣಿಕೆಯಷ್ಟು ಉಳಿಯುತ್ತವೆ. ಗಂಭೀರ ಅಪಘಾತಗಳ ಬಗ್ಗೆಯೇ ಪ್ರಶ್ನೆ ಇದ್ದರೆ 500 ಕಾರು ಸಾಲದು. ತಪ್ಪಿದ ಡಿಕ್ಕಿಯನ್ನು ಅಪಘಾತದ ಬದಲಿಯಾಗಿ ಬಳಸುವುದಾದರೆ ಸಾಕು, ಆದರೆ ಹಾಗೆ ಬಳಸಲು ಬರುತ್ತದೆಯೇ ಎಂಬ ವಾದವನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳಬೇಕು. ಹಿಂದಿನಿಂದ ಗುದ್ದುವ ಘಟನೆಗಳಲ್ಲಿ ಈ ಬದಲಿ ಚೆನ್ನಾಗಿ ನಿಲ್ಲುತ್ತದೆ. ವಾಹನ ಒಂಟಿಯಾಗಿ ರಸ್ತೆ ಬಿಟ್ಟು ಹೋಗುವ ಘಟನೆಗಳಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ತಪ್ಪಿಸಿಕೊಂಡ ಕ್ಷಣವನ್ನು ಗುರುತಿಸುವುದೇ ಕಷ್ಟ.

ಕಾರಿನ ಲೆಕ್ಕವೇ ಚಾಲಕರ ಲೆಕ್ಕವಲ್ಲ. 100-ಕಾರ್ ಅಧ್ಯಯನದಲ್ಲಿ ಮುಖ್ಯ ಚಾಲಕರು 109, ಅವರ ಕಾರನ್ನು ಆಗಾಗ ಓಡಿಸಿದ ಇತರರು 132, ಒಟ್ಟು 241. ನಮ್ಮ ಮನೆಗಳಲ್ಲಿ ಅಣ್ಣ, ಅತ್ತಿಗೆ, ಮಾವ, ಭಾನುವಾರಕ್ಕೆ ಕರೆಸುವ ಡ್ರೈವರ್, ಎಲ್ಲರೂ ಒಂದೇ ಕಾರನ್ನು ಹಂಚಿಕೊಳ್ಳುತ್ತಾರೆ. ಪ್ರತಿ ಪ್ರಯಾಣದ ಆರಂಭದಲ್ಲಿ ಚಾಲಕರು ಯಾರೆಂದು ಮುಖ ನೋಡಿ ಗುರುತಿಸಿ, ಒಪ್ಪಿಗೆ ಕೊಟ್ಟಿರದವರಾದರೆ ಆ ಪ್ರಯಾಣದ ವಿಡಿಯೊವನ್ನು ತೆರೆಯದೆ ಅಳಿಸುವ ವ್ಯವಸ್ಥೆ ಮೊದಲ ದಿನದಿಂದ ಇರಬೇಕು. ಆಮೇಲೆ ಮಾಡೋಣ ಎಂದು ಬಿಟ್ಟರೆ ಲಕ್ಷಗಟ್ಟಲೆ ಪ್ರಯಾಣಗಳು ಗುಡ್ಡೆ ಬೀಳುತ್ತವೆ, ಯಾವುದು ಯಾರದೆಂದು ತಿಳಿಯುವುದಿಲ್ಲ.

ಭಾಗವಹಿಸುವವರಿಗೆ ಹಣ ಕೊಡುವುದು ಸರಿಯೇ. ಎಸ್‌ಎಚ್‌ಆರ್‌ಪಿ 2ರಲ್ಲಿ ವರ್ಷಕ್ಕೆ 500 ಡಾಲರ್ ಕೊಟ್ಟರು. ತಿಂಗಳಿಗಿಷ್ಟು ಎಂದು ಕೊಡಿ. ಕಿ.ಮೀ.ಗೆ ಇಷ್ಟು, ಪ್ರಯಾಣಕ್ಕೆ ಇಷ್ಟು ಎಂದು ಕೊಟ್ಟರೆ ಓಡಾಟವೇ ಬದಲಾಗುತ್ತದೆ. ಆ್ಯಪ್ ಕ್ಯಾಬ್ ಚಾಲಕರನ್ನು ಸೇರಿಸಿಕೊಳ್ಳುವುದಾದರೆ ಪ್ರತ್ಯೇಕ ಗುಂಪಾಗಿಯೇ ಸೇರಿಸಿ. ದಿನಕ್ಕೆ ಹತ್ತು ಗಂಟೆ ಓಡಿಸುವ ಒಬ್ಬರ ದತ್ತಾಂಶ, ದಿನಕ್ಕೆ ಒಂದು ಗಂಟೆ ಓಡಿಸುವ ಹತ್ತು ಜನರದ್ದನ್ನು ಮುಳುಗಿಸಿಬಿಡುತ್ತದೆ.

ಡಬ್ಬಿಯೊಳಗೆ ಏನಿರಬೇಕು

ಎಸ್‌ಎಚ್‌ಆರ್‌ಪಿ 2ರ ಕಿಟ್‌ನಲ್ಲಿ ನಾಲ್ಕು ವಿಡಿಯೊ ನೋಟಗಳಿದ್ದವು: ಮುಂದಿನ ರಸ್ತೆ, ಚಾಲಕರ ಮುಖ, ಸ್ಟೀರಿಂಗ್ ಮತ್ತು ಕೈಗಳು, ಹಿಂದಿನ ರಸ್ತೆ. ಜೊತೆಗೆ ಮುಂದಕ್ಕೆ ನೋಡುವ ರೇಡಾರ್, ಮೂರು ದಿಕ್ಕಿನಲ್ಲಿ ವೇಗದ ಬದಲಾವಣೆ ಅಳೆಯುವ ಆ್ಯಕ್ಸೆಲರೊಮೀಟರ್, ತಿರುಗುವಿಕೆ ಅಳೆಯುವ ಜೈರೊ, ಜಿಪಿಎಸ್, ವಾಹನದೊಳಗಿನ ಕಂಪ್ಯೂಟರುಗಳ ಜಾಲದಿಂದ ಬರುವ ಮಾಹಿತಿ, ಗಾಳಿಯಲ್ಲಿ ಮದ್ಯದ ಅಂಶ ಹಿಡಿಯುವ ಸೆನ್ಸರ್, ಮತ್ತು ಚಾಲಕರೇ ಒತ್ತಬಹುದಾದ ಒಂದು ಗುಂಡಿ. ಆ ಗುಂಡಿ ಒತ್ತಿದಾಗ ಮಾತ್ರ 30 ಸೆಕೆಂಡು ಧ್ವನಿ ದಾಖಲಾಗುತ್ತಿತ್ತು, ಉಳಿದ ಹೊತ್ತು ಮೈಕ್ ಮೌನ. ಇದು ಅನುಸರಿಸಬೇಕಾದ ತೀರ್ಮಾನ. ಕಾರಿನೊಳಗಿನ ಮಾತುಕತೆ ಸದಾ ದಾಖಲಾಗುತ್ತದೆ ಎಂದರೆ ಒಪ್ಪಿಕೊಳ್ಳುವ ಮನೆ ಸಿಗುವುದಿಲ್ಲ, ಸಿಗಲೂಬಾರದು.

ಮುಖದ ಕ್ಯಾಮೆರಾಗೆ ಹೆಚ್ಚು ಗಮನ ಬೇಕು. ಸೆಕೆಂಡಿಗೆ 15 ಫ್ರೇಮ್ ಇದ್ದರೆ ಒಂದೊಂದು ಫ್ರೇಮಿಗೆ ಸುಮಾರು 67 ಮಿಲಿಸೆಕೆಂಡು. ಕಣ್ಣು 0.3 ಸೆಕೆಂಡು ಮೀಟರಿನತ್ತ ಹೋಗಿ ಬಂದರೆ ನಾಲ್ಕೈದು ಫ್ರೇಮಿನಲ್ಲಿ ಕಾಣುತ್ತದೆ, ಸಾಕು. 5 ಫ್ರೇಮಿಗೆ ಇಳಿಸಿದರೆ ಅದೇ ನೋಟ ಒಂದೆರಡು ಫ್ರೇಮಿನಲ್ಲಿ ಬಂದು ಹೋಗುತ್ತದೆ, ಕೋಡ್ ಮಾಡುವವರು ಅದನ್ನು ರೆಪ್ಪೆ ಬಡಿತ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಒಳಗಿನ ಕನ್ನಡಿಯ ಬಳಿ ಕೂರುವುದರಿಂದ ನಮ್ಮ ಬಲಬದಿ ಸ್ಟೀರಿಂಗ್ ಕಾರುಗಳಲ್ಲಿ ಅದು ಚಾಲಕರ ಎಡಕ್ಕೆ ಬರುತ್ತದೆ. ಅವರು ಬಲಗಡೆಯ ಕನ್ನಡಿ ನೋಡಲು ತಲೆ ತಿರುಗಿಸಿದಾಗ ಕ್ಯಾಮೆರಾಗೆ ಕಾಣುವುದು ಕೆನ್ನೆ ಮಾತ್ರ. ಹಾಗಾಗಿ ಅದನ್ನು ಕನ್ನಡಿಯ ಎಡಕ್ಕಲ್ಲ, ಸಾಧ್ಯವಾದಷ್ಟು ಬಲಕ್ಕೆ ಸರಿಸಿ ಕೂರಿಸಿ. ರಾತ್ರಿಗೆ ಇನ್‌ಫ್ರಾರೆಡ್ ಬೆಳಕು ಬೇಕು. 850 ನ್ಯಾನೋಮೀಟರಿನ ಎಲ್‌ಇಡಿ ಮಂದ ಕೆಂಪಾಗಿ ಕಣ್ಣಿಗೆ ಬೀಳುತ್ತದೆ, ಚಾಲಕರಿಗೆ ಪ್ರತಿ ರಾತ್ರಿ ಕ್ಯಾಮೆರಾದ ನೆನಪು ಮಾಡಿಕೊಡುತ್ತದೆ. 940 ಕಾಣುವುದಿಲ್ಲ, ಆದರೆ ಆ ತರಂಗಾಂತರಕ್ಕೆ ಕ್ಯಾಮೆರಾ ಸೆನ್ಸರುಗಳ ಸಂವೇದನೆ ಕಡಿಮೆ, ಹೆಚ್ಚು ಎಲ್‌ಇಡಿ ಬೇಕಾಗುತ್ತವೆ. ಸಹಜ ವರ್ತನೆಯನ್ನು ಅಳೆಯುವ ಅಧ್ಯಯನಕ್ಕೆ 940ರ ಖರ್ಚನ್ನು ಹೊರುವುದೇ ಸರಿ.

ಕೂರಿಸಿದ ದಿನವೇ, ನಿಂತ ಕಾರಿನಲ್ಲಿ, ಚಾಲಕರಿಗೆ ಒಂದೊಂದೇ ಜಾಗ ಹೇಳಿ ನೋಡಿಸಿ: ಮುಂದಿನ ರಸ್ತೆ, ಎಡ ಕನ್ನಡಿ, ಬಲ ಕನ್ನಡಿ, ಒಳಗಿನ ಕನ್ನಡಿ, ಮೀಟರ್, ಸ್ಟೀರಿಯೊ, ತೊಡೆಯ ಮೇಲಿನ ಫೋನ್, ಪಕ್ಕದ ಸೀಟು. ಒಂದೊಂದಕ್ಕೆ ಮೂರು ಸೆಕೆಂಡು. ಇದನ್ನೇ ತಂಪು ಕನ್ನಡಕ ಹಾಕಿಸಿ ಇನ್ನೊಮ್ಮೆ. ಕೆಲವು ನಿಮಿಷದ ಈ ದಾಖಲೆ ಮುಂದೆ ಆ ಚಾಲಕರ ಪ್ರತಿ ವಿಡಿಯೊಗೂ ಕೀಲಿಕೈ ಆಗುತ್ತದೆ. ಎತ್ತರದವರು ರಸ್ತೆ ನೋಡುವಾಗಲೂ ಕುಳ್ಳಗಿರುವವರು ಮೀಟರ್ ನೋಡುವಾಗಲೂ ರೆಪ್ಪೆ ಒಂದೇ ರೀತಿ ಇಳಿದಿರಬಹುದು. ಹೋಲಿಸಲು ಅವರದ್ದೇ ಮುಖ ಬೇಕು.

ಸರ್ವಿಸಿನವರು ಸ್ಕ್ಯಾನರ್ ಚುಚ್ಚುವ ಓಬಿಡಿ ಪೋರ್ಟಿನಿಂದ ಎಲ್ಲವೂ ಸಿಗುತ್ತದೆ ಎಂಬ ನಂಬಿಕೆಯಿಂದ ಬಹಳ ಯೋಜನೆಗಳು ಹೊರಡುತ್ತವೆ. ವೇಗ, ಎಂಜಿನ್ ಸುತ್ತು, ಥ್ರಾಟಲ್ ಇಷ್ಟು ಪ್ರಮಾಣಿತ ಸಂಕೇತಗಳಲ್ಲಿ ಬರುತ್ತವೆ, ವೇಗವಂತೂ 1 ಕಿ.ಮೀ. ಹೆಜ್ಜೆಯಲ್ಲಿ. ಸ್ಟೀರಿಂಗ್ ಕೋನ, ಬ್ರೇಕ್ ಪೆಡಲ್, ಇಂಡಿಕೇಟರ್ ಆಯಾ ಕಂಪನಿಯ ಸ್ವಂತ ಸಂದೇಶಗಳಲ್ಲಿರುತ್ತವೆ, ಮಾದರಿಯಿಂದ ಮಾದರಿಗೆ ಬೇರೆ. ಬ್ರೇಕ್ ದೀಪದ ತಂತಿಯಿಂದಲೇ, ಅದಕ್ಕೆ ಹೊರೆಯಾಗದ ಹಾಗೆ, ಸಂಕೇತ ತೆಗೆದುಕೊಳ್ಳುವುದು ನಂಬಿಕಸ್ತ ದಾರಿ. ಪೋರ್ಟಿಗೆ ಪ್ರಶ್ನೆ ಕೇಳುತ್ತಾ ಕೂರುವ ಸಾಧನವು ಸರ್ವಿಸ್ ಸೆಂಟರಿನ ಸ್ಕ್ಯಾನರಿನೊಂದಿಗೆ ಗುದ್ದಾಡುತ್ತದೆ. ಬರೀ ಕೇಳಿಸಿಕೊಳ್ಳುವ ಕ್ರಮದಲ್ಲಿ ಸಿಗುವಷ್ಟನ್ನು ಮಾತ್ರ ತೆಗೆದುಕೊಳ್ಳಿ, ಸರ್ವಿಸಿಗೆ ಬಿಡುವಾಗ ಸುಲಭವಾಗಿ ಕಳಚುವ ಕನೆಕ್ಟರ್ ಕೊಡಿ.

ಬ್ಯಾಟರಿ, ಬಿಸಿ, ಗಡಿಯಾರ

ಓಬಿಡಿ ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿ ಸದಾ ಜೋಡಿಸಿರುತ್ತದೆ, ಕೀ ತೆಗೆದರೂ ಕರೆಂಟ್ ಇರುತ್ತದೆ. ಸಾಧನ ನಿದ್ದೆಯಲ್ಲಿ 50 ಮಿಲಿಆಂಪ್ ಎಳೆದರೆ ದಿನಕ್ಕೆ 1.2 ಆಂಪ್-ಅವರ್, ಹತ್ತು ದಿನಕ್ಕೆ 12. ಕಾರಿನ 35 ಆಂಪ್-ಅವರ್ ಬ್ಯಾಟರಿ ಹಳತಾಗಿದ್ದರೆ, ದಸರಾ ರಜೆಗೆ ಊರಿಗೆ ಹೋಗಿ ಬಂದವರ ಕಾರು ಸ್ಟಾರ್ಟ್ ಆಗುವುದಿಲ್ಲ. ಆ ಮನೆ ಅಧ್ಯಯನದಿಂದ ಹೊರನಡೆಯುತ್ತದೆ, ಅವರ ಮಾತು ಕೇಳಿದ ಇನ್ನೆರಡು ಮನೆಗಳೂ ಹಿಂದೆ ಸರಿಯುತ್ತವೆ. ನಿದ್ದೆಯ ಕರೆಂಟನ್ನು 5 ಮಿಲಿಆಂಪಿಗೆ ಇಳಿಸಿ, 12 ವೋಲ್ಟಿನ ಕೆಳಗೆ ಹೋದರೆ ತಾನಾಗಿ ಪೂರ್ತಿ ಕಡಿದುಕೊಳ್ಳುವ ಸರ್ಕ್ಯೂಟ್ ಹಾಕಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಒಂದು ಕ್ಷಣ 9 ವೋಲ್ಟಿಗೂ ಕುಸಿಯಬಹುದು. ಆಗ ಸಾಧನ ಮರುಸ್ಟಾರ್ಟ್ ಆಗದಂತೆ ತಡೆಯಲು, ಮತ್ತು ಕೀ ತೆಗೆದಾಗ ಕಡತವನ್ನು ಸರಿಯಾಗಿ ಮುಚ್ಚಲು, ಸ್ವಲ್ಪ ಹೊತ್ತಿಗೆ ಕರೆಂಟ್ ಕೂಡಿಟ್ಟುಕೊಳ್ಳುವ ಸೂಪರ್ ಕೆಪಾಸಿಟರ್ ಬೇಕು. ಅದಿಲ್ಲದ ಕಿಟ್‌ಗಳಲ್ಲಿ ಪ್ರಯಾಣದ ಕೊನೆಯ ಕಡತ ಆಗಾಗ ಕೆಡುತ್ತದೆ. ಡಿಕ್ಕಿಯಾಗಿ ಕರೆಂಟ್ ಕಡಿದುಹೋದ ಪ್ರಯಾಣಗಳ ಕಡತವಂತೂ ಕೆಟ್ಟೇ ಕೆಡುತ್ತದೆ. ಎಲ್ಲಕ್ಕಿಂತ ಅಮೂಲ್ಯವಾದ ಹತ್ತು ಸೆಕೆಂಡುಗಳು ಅಲ್ಲಿರುತ್ತವೆ.

ಸಾಧನ ಬೂಟ್ ಆಗಿ ಕೆಲಸಕ್ಕೆ ಸಿದ್ಧವಾಗುವ ಸಮಯವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೀ ತಿರುಗಿಸಿದ 60 ಸೆಕೆಂಡಿನ ಬಳಿಕ ದಾಖಲೆ ಶುರುವಾದರೆ ಒಂದು ಗಂಟೆಯ ಪ್ರಯಾಣದಲ್ಲಿ ಕಳೆದುಕೊಂಡದ್ದು 2%ಕ್ಕೂ ಕಡಿಮೆ. ಮಗುವನ್ನು ಶಾಲೆಗೆ ಬಿಡುವ 6 ನಿಮಿಷದ ಪ್ರಯಾಣದಲ್ಲಿ ಅದು ಆರನೇ ಒಂದು ಪಾಲು. ಗೇಟಿನಿಂದ ಹಿಂದಕ್ಕೆ ತೆಗೆಯುವುದು, ಗಲ್ಲಿ ದಾಟಿ ಮುಖ್ಯರಸ್ತೆಗೆ ಸೇರುವುದು, ಸೀಟ್ ಬೆಲ್ಟ್ ಹಾಕಿಕೊಳ್ಳುವುದು, ಮ್ಯಾಪ್‌ನಲ್ಲಿ ವಿಳಾಸ ಬಡಿಯುವುದು, ಎಲ್ಲವೂ ಆ ಒಂದು ನಿಮಿಷದಲ್ಲೇ ನಡೆಯುತ್ತವೆ. ಹತ್ತಿರದ ಓಡಾಟ ಹೆಚ್ಚಿರುವ ವಯಸ್ಸಾದವರ ಮತ್ತು ಗೃಹಿಣಿಯರ ದತ್ತಾಂಶ ಹೀಗೆ ಸದ್ದಿಲ್ಲದೆ ಸವೆಯುತ್ತದೆ. ಬಾಗಿಲು ತೆರೆದಾಗಲೇ ಸಾಧನ ಎಚ್ಚರಗೊಳ್ಳುವಂತೆ ಮಾಡಿ. ಆಗದಿದ್ದರೆ ಆ್ಯಕ್ಸೆಲರೊಮೀಟರ್ ಮತ್ತು ಜಿಪಿಎಸ್ ಅನ್ನಾದರೂ ಐದು ಸೆಕೆಂಡಿನೊಳಗೆ ಶುರುವಾಗುವ ಪುಟ್ಟ ಪ್ರೊಸೆಸರಿಗೆ ವಹಿಸಿ.

ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ಸಾಮಾನ್ಯ. ಮೆಮೊರಿಯನ್ನು ಗಾಜಿನ ಬಳಿ ಇಡಬೇಡಿ, ಸೀಟಿನ ಕೆಳಗೋ ಹಿಂದೆ ಸಾಮಾನು ಇಡುವ ಜಾಗದಲ್ಲೋ ಇಡಿ. 85 ಡಿಗ್ರಿವರೆಗೆ ತಾಳುವ ಕೈಗಾರಿಕಾ ದರ್ಜೆಯದ್ದನ್ನೇ ಕೊಳ್ಳಿ. ಅಂಗಡಿಯ ಅಗ್ಗದ ಕಾರ್ಡ್ ಬೇಸಿಗೆಯಲ್ಲಿ ಸಾಯುತ್ತದೆ. ಆಗ ನಿಮ್ಮ ದತ್ತಾಂಶದಲ್ಲಿ ಬೇಸಿಗೆಯ ಮಧ್ಯಾಹ್ನಗಳೇ ಇಲ್ಲದಂತಾಗುತ್ತದೆ, ಅದು ಯಾದೃಚ್ಛಿಕ ನಷ್ಟವಲ್ಲ. ಗಾಜಿಗೆ ಅಂಟಿಸುವ ಟೇಪನ್ನೂ ಅದೇ ಬಿಸಿಗೆ ಪರೀಕ್ಷಿಸಿ. ಜಾರಿದ ಕ್ಯಾಮೆರಾ ಕಡತಗಳನ್ನು ಬರೆಯುತ್ತಲೇ ಇರುತ್ತದೆ, ಅದರಲ್ಲಿರುವುದು ಕಾರಿನ ಚಾವಣಿ.

ಕ್ಯಾಮೆರಾ, ರೇಡಾರ್, ವಾಹನದ ಜಾಲ ಎಲ್ಲಕ್ಕೂ ಒಂದೇ ಗಡಿಯಾರ ಇರಲಿ, ಅದನ್ನು ಜಿಪಿಎಸ್ ಸಮಯಕ್ಕೆ ಕಟ್ಟಿಹಾಕಿ. ಗಡಿಯಾರದೊಳಗಿನ ಸಾಧಾರಣ ಸ್ಫಟಿಕ 20 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 20ರಷ್ಟು, ತಪ್ಪಿದರೂ ದಿನಕ್ಕೆ 1.7 ಸೆಕೆಂಡು ಸರಿಯುತ್ತದೆ. ನೋಟ ರಸ್ತೆಯಿಂದ ಸರಿದದ್ದು ಮುಂದಿನ ವಾಹನ ಬ್ರೇಕ್ ಹಾಕುವ ಮೊದಲೋ ಆಮೇಲೋ ಎಂಬುದೇ ಪ್ರಶ್ನೆಯಾಗಿರುವಾಗ 1.7 ಸೆಕೆಂಡು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. 30 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಎಂದರೆ ಸುಮಾರು 17 ಮೀಟರ್.

ಶೇಖರಣೆಯ ಲೆಕ್ಕ ಸರಳ. ನಾಲ್ಕು ನೋಟಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ ಸೆಕೆಂಡಿಗೆ 1.5 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ 675 ಎಂಬಿ. ದಿನಕ್ಕೆ 1.2 ಗಂಟೆಯಂತೆ ವರ್ಷಕ್ಕೆ ಕಾರಿಗೆ ಸುಮಾರು 300 ಜಿಬಿ, 500 ಕಾರಿಗೆ 150 ಟೆರಾಬೈಟ್, ಮೂರು ಪ್ರತಿ ಇಟ್ಟರೆ 450. ವಿಡಿಯೊವನ್ನು ಸಿಮ್ ಮೂಲಕ ಕಳಿಸುವ ಗೋಜಿಗೆ ಹೋಗಬೇಡಿ, ತಂತ್ರಜ್ಞರೇ ಹೋಗಿ ಡ್ರೈವ್ ಬದಲಿಸಿ ತರಲಿ. ಆದರೆ ದಿನಕ್ಕೊಮ್ಮೆ ಆರೋಗ್ಯ ವರದಿ ಸಿಮ್ ಮೂಲಕ ಬರಲೇಬೇಕು: ಎಷ್ಟು ಪ್ರಯಾಣ, ಎಷ್ಟು ಜಾಗ ಉಳಿದಿದೆ, ವೋಲ್ಟೇಜ್ ಎಷ್ಟು, ಮತ್ತು ನಾಲ್ಕೂ ಕ್ಯಾಮೆರಾದಿಂದ ಒಂದೊಂದು ಪುಟ್ಟ ಚಿತ್ರ. ಆ ಚಿತ್ರವನ್ನು ಮನುಷ್ಯರೇ ನೋಡಬೇಕು. ಲೆನ್ಸಿನ ಮುಂದೆ ಹೂವಿನ ಹಾರ ತೂಗುತ್ತಿದ್ದರೂ ಯಂತ್ರದ ಪಾಲಿಗೆ ಕ್ಯಾಮೆರಾ ಸರಿಯಾಗಿಯೇ ಇದೆ. ಆಯುಧಪೂಜೆಯ ಮರುದಿನ ಎಲ್ಲ ವಾಹನಗಳ ಚಿತ್ರ ನೋಡುವುದನ್ನು ಕ್ಯಾಲೆಂಡರಿನಲ್ಲೇ ಬರೆದಿಡಿ.

ಒಪ್ಪಿಗೆ ಎಂದರೆ ಸಹಿಯಷ್ಟೇ ಅಲ್ಲ

ವರ್ಷಪೂರ್ತಿ ಒಬ್ಬರ ಮುಖ, ಮನೆ ವಿಳಾಸ, ಎಲ್ಲಿಗೆ ಹೋಗುತ್ತಾರೆ ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಎಸ್‌ಎಚ್‌ಆರ್‌ಪಿ 2ರವರು ಇದನ್ನು ಗಂಭೀರವಾಗಿ ತೆಗೆದುಕೊಂಡರು. ಕಾರಿನೊಳಗಿನ ಪ್ರಯಾಣಿಕರ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ, ಸೆರೆಹಿಡಿಯುವಾಗಲೇ ಶಾಶ್ವತವಾಗಿ ಮಸುಕು ಮಾಡಿ ತೆಗೆದರು. ಎಷ್ಟು ಜನ ಇದ್ದಾರೆ ಎಂದು ಎಣಿಸಬಹುದು, ಯಾರೆಂದು ತಿಳಿಯುವುದಿಲ್ಲ. ಮುಖ ಕಾಣುವ ವಿಡಿಯೊವನ್ನು ಸಂಶೋಧಕರಿಗೆ ಕಳಿಸುತ್ತಿರಲಿಲ್ಲ. ನೋಡಬೇಕಾದವರು ಕಾವಲಿರುವ ಕೋಣೆಗೆ ಬಂದು ನೋಡಬೇಕು. ಹೊರಗೆ ಕೊಡುವ ಜಿಪಿಎಸ್ ಜಾಡಿನಲ್ಲಿ ಪ್ರಯಾಣದ ಎರಡೂ ತುದಿ ಕತ್ತರಿಸಿರುತ್ತಿದ್ದರು, ಮನೆ ಯಾವುದೆಂದು ತಿಳಿಯದಿರಲಿ ಎಂದು.

ಅವರಿಗೆ ಇನ್ನೊಂದು ಆಸರೆಯೂ ಇತ್ತು. ಸಂಶೋಧನೆಯ ದತ್ತಾಂಶವನ್ನು ಮೊಕದ್ದಮೆಗೆ ಎಳೆಯದಂತೆ ಕಾಯುವ ಗೋಪ್ಯತಾ ಪ್ರಮಾಣಪತ್ರವನ್ನು ಅಮೆರಿಕ ಸರ್ಕಾರ ಕೊಡುತ್ತದೆ. ಅಂಥದ್ದನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ನ್ಯಾಯಾಲಯವೋ ಠಾಣಾಧಿಕಾರಿಯೋ ಎಲೆಕ್ಟ್ರಾನಿಕ್ ದಾಖಲೆಯನ್ನು ಹಾಜರುಪಡಿಸುವಂತೆ ಕೇಳಬಹುದು. ಅಪಘಾತವಾದರೆ ಈ ವಿಡಿಯೊ ನಿಮ್ಮ ವಿರುದ್ಧವೂ ಸಾಕ್ಷಿಯಾಗಬಹುದು ಎಂಬ ವಾಕ್ಯ ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ, ಕನ್ನಡದಲ್ಲೇ, ದಪ್ಪಕ್ಷರದಲ್ಲೇ ಇರಬೇಕು. ಇದನ್ನು ಓದಿ ಕೆಲವರು ಹಿಂದೆ ಸರಿದರೆ ಸರಿಯಲಿ. ಮುಚ್ಚಿಟ್ಟು ಸೇರಿಸಿಕೊಳ್ಳುವುದು ಮೋಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಆದರೆ ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು ಎಂಬ ಷರತ್ತಿನೊಂದಿಗೆ. ಹಾಗಾಗಿ ಹಣ ಹಾಕುವವರು ವಿಮಾ ಕಂಪನಿಯಾಗಲಿ ಕ್ಯಾಬ್ ಕಂಪನಿಯಾಗಲಿ, ಚಾಲಕರ ಹೆಸರಿನ ಜೊತೆ ಅಂಕ ಕೊಡಿ ಎಂದು ಕೇಳಿದರೆ ಒಪ್ಪಬಾರದು. ನೈತಿಕ ಸಮಿತಿಯ ಅನುಮತಿಗೆ ಹೋಗುವಾಗ ಮನೆಗೆಲಸದವರು, ನೆರೆಮನೆಯ ಮಕ್ಕಳು, ಲಿಫ್ಟ್ ಕೇಳಿ ಹತ್ತಿದವರು ಕಾರಿನಲ್ಲಿದ್ದರೆ ಏನು ಮಾಡುತ್ತೀರಿ ಎಂಬುದಕ್ಕೂ ಉತ್ತರ ಇರಲಿ.

ಹೊಸ್ತಿಲು ಎಲ್ಲಿಡಬೇಕು

ಲಕ್ಷಾಂತರ ಗಂಟೆಯ ವಿಡಿಯೊವನ್ನು ಯಾರೂ ಕೂತು ನೋಡಲಾರರು. ಸೆನ್ಸರ್ ಮೌಲ್ಯ ಒಂದು ಗೆರೆ ದಾಟಿದ ಕ್ಷಣಗಳನ್ನು ಕಂಪ್ಯೂಟರ್ ಹೆಕ್ಕುತ್ತದೆ, ಮನುಷ್ಯರು ಅವನ್ನಷ್ಟೇ ನೋಡುತ್ತಾರೆ. 100-ಕಾರ್ ಅಧ್ಯಯನದಲ್ಲಿ ಉದ್ದ ದಿಕ್ಕಿಗೆ 0.6 ಜಿ (1 ಜಿ ಎಂದರೆ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷ), ಅಡ್ಡ ದಿಕ್ಕಿಗೆ 0.7 ಜಿ ಮುಖ್ಯ ಗೆರೆಗಳಾಗಿದ್ದವು. ಅವು ವೇಗದ, ಲೇನ್ ಪಾಲಿಸುವ ರಸ್ತೆಗಳಿಗೆ ಹೊಂದುವ ಸಂಖ್ಯೆಗಳು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ, ಎಡಗಡೆಯಿಂದ ಬೈಕೊಂದು ಒಂದಡಿ ಅಂತರದಲ್ಲಿ ನುಗ್ಗಿದಾಗ ಚಾಲಕರು 0.3 ಜಿ ಬ್ರೇಕ್ ಹಾಕಿ ಸ್ವಲ್ಪ ಬಲಕ್ಕೆ ಎಳೆಯುತ್ತಾರೆ, ಅಷ್ಟರಲ್ಲಿ ಮುಗಿಯುತ್ತದೆ. ಅದು ನಿಜವಾಗಿ ತಪ್ಪಿದ ಡಿಕ್ಕಿ, 0.6ರ ಗೆರೆ ಅದನ್ನು ಕಾಣುವುದೇ ಇಲ್ಲ. ಇತ್ತ ಗೆರೆಯನ್ನು 0.3ಕ್ಕೆ ಇಳಿಸಿದರೆ ಪ್ರತಿ ರಸ್ತೆ ಉಬ್ಬು, ಪ್ರತಿ ಗುಂಡಿ ಘಟನೆಯಾಗಿ ಬಂದು ಕೂರುತ್ತದೆ.

ದಾರಿ ಇಲ್ಲವೆಂದಲ್ಲ. ಉಬ್ಬಿನ ಮೇಲೆ ಹತ್ತಿದಾಗ ಲಂಬ ದಿಕ್ಕಿನಲ್ಲಿ ಎರಡು ಹೊಡೆತ ಬರುತ್ತವೆ, ಮುಂದಿನ ಚಕ್ರದ್ದು, ಹಿಂದಿನ ಚಕ್ರದ್ದು, ವೇಗಕ್ಕೆ ತಕ್ಕ ಅಂತರದಲ್ಲಿ. ಆ ಜೋಡಿ ಕಂಡರೆ ಅದಕ್ಕೆ ಮುಂಚಿನ ಬ್ರೇಕನ್ನು ಬದಿಗಿಡಿ. ಹಲವು ಕಾರುಗಳು ಒಂದೇ ಜಾಗದಲ್ಲಿ ಬ್ರೇಕ್ ಹಾಕುತ್ತಿದ್ದರೆ ಅಲ್ಲಿ ಉಬ್ಬಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಿ. ಬರೀ ಎಷ್ಟು ಜೋರಾಗಿ ಬ್ರೇಕ್ ಹಾಕಿದರು ಎಂಬುದಕ್ಕಿಂತ ಎಷ್ಟು ಥಟ್ಟನೆ ಹಾಕಿದರು ಎಂಬುದು, ಅಂದರೆ ಜಿ ಬದಲಾಗುವ ದರ, ನಮ್ಮ ರಸ್ತೆಗೆ ಹೆಚ್ಚು ಹೊಂದುವ ಸೂಚಕ. ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳ ಚಿತ್ರಗಳಿಂದ ಕಟ್ಟಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಆಟೊ, ಪ್ರಾಣಿ, ರಸ್ತೆಯಂಚಿನ ಮಣ್ಣುದಾರಿಗೆಲ್ಲ ಪ್ರತ್ಯೇಕ ಗುರುತುಗಳಿವೆ. ಮುಂದಿನ ಕ್ಯಾಮೆರಾದ ವಿಡಿಯೊದಲ್ಲಿ ಹತ್ತಿರ ಬಂದವರನ್ನು ಹುಡುಕುವ ಸಾಫ್ಟ್‌ವೇರನ್ನು ಅಂಥ ಚಿತ್ರಗಳಲ್ಲೇ ಪಳಗಿಸಬೇಕು. ಏನೇ ಮಾಡಿದರೂ ಗೆರೆಯಿಂದ ನುಣುಚಿಕೊಂಡದ್ದೆಷ್ಟು ಎಂದು ತಿಳಿಯಲು ಒಂದಷ್ಟು ಪ್ರಯಾಣಗಳನ್ನು ಆರಂಭದಿಂದ ಅಂತ್ಯದವರೆಗೆ ಪೂರ್ತಿ ನೋಡಲೇಬೇಕು. ಬೇಸರದ ಕೆಲಸ, ಬಿಟ್ಟರೆ ಉಳಿದದ್ದನ್ನು ನಂಬಲು ಆಧಾರವಿಲ್ಲ.

ಇನ್ನು ಬೇಸ್‌ಲೈನ್, ಅಂದರೆ ಹೋಲಿಕೆಗೆ ಬೇಕಾದ ಮಾಮೂಲಿ ಓಡಾಟದ ತುಣುಕುಗಳು. 100-ಕಾರ್ ಅಧ್ಯಯನದವರು ಏನೂ ಆಗದ ಹೊತ್ತಿನಿಂದ ಆರಾರು ಸೆಕೆಂಡಿನ 20,000 ತುಣುಕು ಹೆಕ್ಕಿದರು. ಒಟ್ಟು ವಿಡಿಯೊ 34 ಗಂಟೆಯೊಳಗೆ. ಆದರೆ ಒಂದೊಂದು ತುಣುಕಿನಲ್ಲಿ ಕಣ್ಣು, ಕೈ, ಫೋನ್, ಮಳೆ, ದಟ್ಟಣೆ ಎಲ್ಲ ತುಂಬಿಸಲು ಹತ್ತು ನಿಮಿಷ ಹಿಡಿದರೆ 3,300 ಗಂಟೆಯ ಕೆಲಸ. ಒಬ್ಬರು ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 250 ದಿನ ಮಾಡಿದರೂ ಎರಡು ವರ್ಷ ದಾಟುತ್ತದೆ. ಬಜೆಟ್ಟಿನಲ್ಲಿ ಸಲಕರಣೆಗೆ ದೊಡ್ಡ ಮೊತ್ತ ಬರೆದು ಕೋಡಿಂಗಿಗೆ ಅಳಿದುಳಿದದ್ದು ಇಡುವ ರೂಢಿಯನ್ನು ಇಲ್ಲಿಯೇ ಮುರಿಯಬೇಕು. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಒಂದೇ ತುಣುಕನ್ನು ಕೋಡ್ ಮಾಡಿ ಹೋಲಿಸುವುದು ವಾರವಾರವೂ ನಡೆಯಲಿ. ಇಬ್ಬರ ಹೊಂದಿಕೆಯನ್ನು ಅಳೆಯುವ ಕಪ್ಪಾ ಮೌಲ್ಯ 0.8ಕ್ಕಿಂತ ಕೆಳಗಿಳಿದ ಅಂಕಣವನ್ನು ನಿಲ್ಲಿಸಿ, ವ್ಯಾಖ್ಯಾನವನ್ನೇ ತಿದ್ದಿ. ತುಣುಕು ಡಿಕ್ಕಿಯದ್ದೋ ಮಾಮೂಲಿಯದ್ದೋ ಎಂದು ನೋಡುವವರಿಗೆ ಮೊದಲೇ ಗೊತ್ತಾಗಬಾರದು. ಡಿಕ್ಕಿಯದ್ದೆಂದು ತಿಳಿದರೆ ಕಣ್ಣು ತಪ್ಪನ್ನೇ ಹುಡುಕುತ್ತದೆ. ಹಾಗಾಗಿ ಡಿಕ್ಕಿಯ ಕ್ಷಣ ಬರುವ ಮುನ್ನವೇ ತುಣುಕನ್ನು ಕತ್ತರಿಸಿ ಕೊಡಿ.

ಎಸ್‌ಎಚ್‌ಆರ್‌ಪಿ 2ರಲ್ಲಿ ಗಂಟೆಗೆ 5 ಮೈಲಿ, ಅಂದರೆ 8 ಕಿ.ಮೀ.ಗಿಂತ ಕಡಿಮೆ ವೇಗದ ಹೊತ್ತನ್ನು ಬೇಸ್‌ಲೈನ್‌ನಿಂದ ಬಿಟ್ಟರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ನಿಯಮ ಹಾಕಿದರೆ ಪ್ರಯಾಣದ ದೊಡ್ಡ ಪಾಲೇ ಹೋಗುತ್ತದೆ. ಜನ ಫೋನ್ ತೆಗೆಯುವುದೂ ಅಲ್ಲೇ. ತೆವಳುವ ಹೊತ್ತು, ಓಡುವ ಹೊತ್ತು ಎಂದು ಎರಡು ಪದರ ಮಾಡಿ ಎರಡರಿಂದಲೂ ಹೆಕ್ಕಿ. ವಿಶ್ಲೇಷಣೆಯಲ್ಲಿ ಒಬ್ಬರ ತುಣುಕುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವೇ ಚಾಲಕರು ಬಹುಪಾಲು ಘಟನೆಗಳನ್ನು ಕೊಡುತ್ತಾರೆ. ಒಬ್ಬೊಬ್ಬ ಚಾಲಕರ ತುಣುಕುಗಳನ್ನು ಒಂದೊಂದು ಗುಂಪಾಗಿ ಪರಿಗಣಿಸುವ ಮಾದರಿ ಬಳಸದಿದ್ದರೆ ಇಲ್ಲದ ಖಚಿತತೆ ಕಾಣಿಸುತ್ತದೆ.

ಕಾರಿಗಿಂತ ದೊಡ್ಡ ಪ್ರಶ್ನೆ ಬೈಕಿನದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಹೆಚ್ಚುಕಡಿಮೆ 100ಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ 100 ಸವಾರರ ಬೈಕುಗಳಿಗೆ ಕ್ಯಾಮೆರಾ, ಸೆನ್ಸರ್ ಹಾಕಿಸಿ ಅಧ್ಯಯನ ಮಾಡಿಸಿದೆ, ಅಂದರೆ ಆಗದ ಕೆಲಸವೇನಲ್ಲ. ಬೈಕು ತಿರುವಿನಲ್ಲಿ ವಾಲುವುದರಿಂದ ಆ್ಯಕ್ಸೆಲರೊಮೀಟರಿನ ಅಡ್ಡ ಓದುವಿಕೆಗೆ ಕಾರಿನಲ್ಲಿದ್ದ ಅರ್ಥ ಉಳಿಯುವುದಿಲ್ಲ, ಜೈರೊದಿಂದ ವಾಲಿದ ಕೋನ ಲೆಕ್ಕ ಹಾಕಿ ತಿದ್ದಬೇಕು. ಹೆಲ್ಮೆಟ್ಟಿನ ಗಾಜಿನಾಚೆ ಕಣ್ಣು ಕಾಣುವುದಿಲ್ಲ, ತಲೆ ತಿರುಗಿದ ದಿಕ್ಕಿನಲ್ಲೇ ತೃಪ್ತಿಪಡಬೇಕು. 125 ಸಿಸಿ ಬೈಕಿನ ಬ್ಯಾಟರಿ 4-5 ಆಂಪ್-ಅವರ್ ಮಾತ್ರ, ಮೇಲೆ ಹೇಳಿದ 50 ಮಿಲಿಆಂಪ್ ಅದನ್ನು ನಾಲ್ಕು ದಿನದಲ್ಲಿ ಬರಿದು ಮಾಡುತ್ತದೆ. ಸಾಧನಕ್ಕೆ ಸ್ವಂತ ಬ್ಯಾಟರಿ ಕೊಟ್ಟು, ಎಂಜಿನ್ ಓಡುವಾಗ ಮಾತ್ರ ಚಾರ್ಜ್ ಆಗುವಂತೆ ಮಾಡಿ. ಡಬ್ಬಿ ಜೋರಾಗಿ ಚಿಮ್ಮುವ ನೀರನ್ನೂ ತಡೆಯುವ ಐಪಿ66 ದರ್ಜೆಯದ್ದಾಗಿರಲಿ. ನೀರಿನ ಪೈಪ್ ಹಿಡಿದು ತೊಳೆಯುವವರು ಸೀಟಿನ ಅಡಿಯನ್ನೂ ಬಿಡುವುದಿಲ್ಲ.

ಎಲ್ಲಕ್ಕೂ ಮೊದಲು ಹತ್ತು ವಾಹನಗಳ ಪ್ರಾಯೋಗಿಕ ಹಂತ ಮೂರು ತಿಂಗಳು ನಡೆಯಲಿ. ಅದರಲ್ಲಿ ಒಂದು ತಿಂಗಳಾದರೂ ಮಳೆಗಾಲ ಇರಲಿ, ಮತ್ತು ಕೋಡಿಂಗ್, ವಿಶ್ಲೇಷಣೆ ಪೂರ್ತಿ ಮುಗಿಸಿದ ಮೇಲೆಯೇ ಉಳಿದ ಕಿಟ್‌ಗಳಿಗೆ ಆರ್ಡರ್ ಕೊಡಿ. ಕಿಟ್ ಕಳಚುವ ದಿನ ಮೊದಲ ದಿನದ ನೋಟದ ಪರೀಕ್ಷೆಯನ್ನೇ ಮತ್ತೆ ಮಾಡಿಸಿ. ಬ್ರೇಕ್ ಸಂಕೇತ, ಗಡಿಯಾರ, ಕ್ಯಾಮೆರಾ ಕೋನ ಎಷ್ಟು ಸರಿದಿವೆ ಎಂದು ಅಳೆದು, ಆ ವಾಹನದ ಕಡತದ ಜೊತೆಯಲ್ಲೇ ಬರೆದಿಡಿ.